ಗಂಧಭೋಗವೂ ಸ್ತ್ರೀಯರ ಮನಃಸ್ವಾಸ್ಥ್ಯವೂ: ಸೇಡಂ–ಚಿಂಚೋಳಿ ಸೀಮೆಯನ್ನು ಕುರಿತ ಒಂದು ಆಕರವಿಮರ್ಶೆ

ಗಿಡಮೂಲಿಕೆಗಳಿಂದ ಬಟ್ಟಿಯಿಳಿಸಿ ತೆಗೆದ ಸಾರತೈಲಗಳನ್ನು ಮೂಸುವುದರಿಂದಲೂ ಮೈಗೆ ಲೇಪಿಸಿಕೊಳ್ಳುವುದರಿಂದಲೂ ಸ್ತ್ರೀಯರ ಕಳವಳ, ಖಿನ್ನತೆ, ನಿದ್ರಾಭಂಗ ಮೊದಲಾದವು ಶಮನವಾಗುತ್ತವೆಂಬ ಮಾತು ಈಚಿನ ವರ್ಷಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಮಾತು ಅಷ್ಟಕ್ಕೇ ನಿಂತಿದ್ದರೆ ಅದರ ಪರೀಕ್ಷೆಯನ್ನು ವೈದ್ಯರಿಗೆ ಬಿಟ್ಟು ಇತಿಹಾಸದ ಅಧ್ಯಾಪಕರಾದ ನಾವು ಸುಮ್ಮನಿರಬಹುದಾಗಿತ್ತು. ಆದರೆ ಅದರ ಬೆನ್ನಿಗೇ ಮತ್ತೊಂದು ಮಾತು ಸೇರಿಕೊಂಡಿದೆ. ಈ ಚಿಕಿತ್ಸೆ ನಮ್ಮ ನಾಡಿಗೆ ಹೊಸದಲ್ಲವೆಂದೂ, ರಾಷ್ಟ್ರಕೂಟರ ಮಾನ್ಯಖೇಟದಲ್ಲಿಯೂ ಚಾಲುಕ್ಯರ ಕಲ್ಯಾಣದಲ್ಲಿಯೂ ಅದು ಸಾವಿರ ವರ್ಷಗಳ ಹಿಂದೆಯೇ ಪೂರ್ಣವಿಕಾಸವನ್ನು ಪಡೆದಿತ್ತೆಂದೂ, ನಮ್ಮ ಮನೆಗಳ ಬಾಣಂತನದ ಧೂಪ ಅದರ ಉಳಿದ ಕುರುಹೆಂದೂ ಹೇಳುವವರಿದ್ದಾರೆ. ಈ ವಾಕ್ಯ ವಿದ್ಯಾರ್ಥಿಗಳ ಪ್ರಬಂಧಗಳಿಗೂ ಇಳಿದು ಬಂದಿದೆ. ಆಧಾರವೆಂದು ‘ಮಾನಸೋಲ್ಲಾಸ’ದ ಹೆಸರು ಹೇಳುತ್ತಾರೆ, ಅಧ್ಯಾಯವನ್ನು ಮಾತ್ರ ಹೇಳುವುದಿಲ್ಲ. ಇದರಲ್ಲಿ ಇತಿಹಾಸವೆಷ್ಟು, ಹಂಬಲವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ದೃಷ್ಟಿಯಲ್ಲಿರುವ ಪ್ರದೇಶ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನು ಒಳಗೊಂಡದ್ದು. ಕಾಗಿಣಾ ನದಿಯ ದಡದ ಮಳಖೇಡ, ಎಂದರೆ ಮಾನ್ಯಖೇಟ, ಸೇಡಂ ತಾಲ್ಲೂಕಿನಲ್ಲಿದೆ. ಚಿತ್ತಾಪುರಕ್ಕೆ ಅಂಟಿಕೊಂಡಂತೆ ನಾಗಾವಿ ಇದೆ. ಅಲ್ಲಿಯ ಘಟಿಕಾಸ್ಥಾನದ ಕೀರ್ತಿಯನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ಚಾಲುಕ್ಯರ ಕಲ್ಯಾಣ ಈಗ ಬೀದರ ಜಿಲ್ಲೆಗೆ ಸೇರಿದ್ದರೂ ಚಿಂಚೋಳಿಯಿಂದ ಬಹು ದೂರವಲ್ಲ. ವಾಡಿ, ಶಹಾಬಾದಗಳು ಮಾತ್ರ ಬೇರೆ ಬಗೆಯವು. ಅವುಗಳ ಇಂದಿನ ರೂಪವನ್ನು ರೈಲೂ ಕಲ್ಲೂ ಸಿಮೆಂಟೂ ಕಟ್ಟಿದುವು. ಇಂಥ ನೆಲದಲ್ಲಿ ಗತವೈಭವದ ಮಾತು ಬೇಗ ಬೇರುಬಿಡುತ್ತದೆ. ಹಾಗೆ ಬೇರುಬಿಟ್ಟದ್ದನ್ನು ಕೀಳುವುದು ಜನಪ್ರಿಯವಾದ ಕೆಲಸವಲ್ಲವೆಂಬುದನ್ನು ನಾವು ಬಲ್ಲೆವು.

ಮೊದಲು ಶಬ್ದದ ವಿಚಾರ. ಇಂದು ಸಾರತೈಲವೆಂದು ಕರೆಯುವ ವಸ್ತು ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳಂಥ ಜಿಡ್ಡಲ್ಲ. ಅದು ಹೂ, ಎಲೆ, ತೊಗಟೆ, ಬೇರುಗಳಲ್ಲಿರುವ, ಗಾಳಿಗೆ ತೆರೆದಿಟ್ಟರೆ ಆರಿಹೋಗುವ ಅಂಶ. ಬಹುಮಟ್ಟಿಗೆ ನೀರಿನ ಆವಿಯೊಡನೆ ಬಟ್ಟಿಯಿಳಿಸಿ ಅದನ್ನು ಬೇರ್ಪಡಿಸುತ್ತಾರೆ. ನಮ್ಮ ಪ್ರಾಚೀನ ಗ್ರಂಥಗಳಲ್ಲಿ ‘ತೈಲ’ವೆಂಬುದು ಮೊದಲಾಗಿ ತಿಲದಿಂದ ಬಂದದ್ದು, ಎಂದರೆ ಎಳ್ಳಿನದು. ಎಳ್ಳನ್ನು ಹೂಗಳೊಡನೆ ಹರವಿ, ವಾಸನೆ ಹಿಡಿದ ಮೇಲೆ ಗಾಣಕ್ಕೆ ಹಾಕಿ ತೆಗೆದ ಎಣ್ಣೆ ಒಂದು ಬಗೆ. ಕಲ್ಕ ಕಷಾಯಗಳನ್ನು ಸೇರಿಸಿ ಕಾಯಿಸಿದ್ದು ಇನ್ನೊಂದು ಬಗೆ. ಎರಡರಲ್ಲಿಯೂ ಜಿಡ್ಡೇ ಆಧಾರ, ಗಂಧ ಅದಕ್ಕೆ ಸೇರಿದ ಅತಿಥಿ. ಆದ್ದರಿಂದ ಹಳೆಯ ಗ್ರಂಥವೊಂದರಲ್ಲಿ ‘ಗಂಧತೈಲ’ವೆಂಬ ಮಾತು ಕಂಡಕೂಡಲೇ ಅದನ್ನು ಇಂದಿನ ಸಣ್ಣ ಸೀಸೆಯ ಸಾರವೆಂದು ಓದುವುದು ಕಾಲವ್ಯತ್ಯಾಸದ ದೋಷ. ಇದು ಬರಿಯ ಹೆಸರಿನ ಜಗಳವಲ್ಲ. ಎಳ್ಳೆಣ್ಣೆಯನ್ನು ಬೊಗಸೆಗಟ್ಟಲೆ ಮೈಗೆ ತೀಡಬಹುದು. ಸಾರತೈಲವನ್ನು ಹಾಗೆಯೇ ಸುರಿದುಕೊಂಡರೆ ಚರ್ಮ ಸುಡುತ್ತದೆ. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆಗಳು ಮಕ್ಕಳ ಹೊಟ್ಟೆಗೆ ಹೋದರೆ ಸೆಳವು ಬರುವುದುಂಟು. ‘ನಮ್ಮ ಅಜ್ಜಿಯರು ಬಳಸುತ್ತಿದ್ದುದೇ ಇದು’ ಎಂಬ ಭರವಸೆಯಿಂದ ಬಳಸುವವರು ಈ ಭೇದವನ್ನು ಅರಿಯದಿದ್ದರೆ ಅಪಾಯವುಂಟು.

ಈಗ ‘ಮಾನಸೋಲ್ಲಾಸ’ಕ್ಕೆ ಬರೋಣ. ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಇನ್ನೊಂದು ಹೆಸರುಳ್ಳ ಈ ಸಂಸ್ಕೃತ ಗ್ರಂಥ ೧೧೨೬ರಿಂದ ೧೧೩೮ರವರೆಗೆ ಆಳಿದ ಮೂರನೆಯ ಸೋಮೇಶ್ವರನದು. ೧೧೩೦ರ ಆಸುಪಾಸಿನಲ್ಲಿ ರಚಿತವಾದದ್ದು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು. ರಾಜ್ಯವನ್ನು ಪಡೆಯುವುದು, ಪಡೆದುದನ್ನು ಸ್ಥಿರಗೊಳಿಸುವುದು, ಆಮೇಲೆ ಉಪಭೋಗ, ವಿನೋದ, ಕ್ರೀಡೆ ಎಂಬುದು ಅದರ ಕ್ರಮ. ಮೈಸೂರಿನಲ್ಲಿ ೧೯೨೬ರಲ್ಲಿ ಆರ್. ಶಾಮಾಶಾಸ್ತ್ರಿಗಳು ಅದರ ಮೊದಲ ಭಾಗವನ್ನು ಪ್ರಕಟಿಸಿದರು. ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರ ಸಂಪಾದನೆಯ ಮೊದಲ ಸಂಪುಟ ೧೯೨೫ರಲ್ಲಿಯೂ ಎರಡನೆಯದು ೧೯೩೯ರಲ್ಲಿಯೂ ಬಂದುವು. ಆದ್ದರಿಂದ ಗ್ರಂಥ ದುರ್ಲಭವೆಂಬ ನೆಪ ಯಾರಿಗೂ ಇಲ್ಲ.

ಗ್ರಂಥದ ಹೆಸರೇ ಹಲವರನ್ನು ದಾರಿತಪ್ಪಿಸಿದೆಯೆಂದು ತೋರುತ್ತದೆ. ಮಾನಸದ ಉಲ್ಲಾಸವೆಂದಮೇಲೆ ಅದು ಮನಃಸ್ವಾಸ್ಥ್ಯದ ಶಾಸ್ತ್ರವೇ ಇರಬೇಕೆಂಬ ಊಹೆ ಸುಲಭವಾಗಿ ಹುಟ್ಟುತ್ತದೆ. ಆದರೆ ಉಲ್ಲಾಸ ಯಾರ ಮನಸ್ಸಿನದು? ಮೂರನೆಯ ವಿಂಶತಿಯ ಇಪ್ಪತ್ತು ಉಪಭೋಗಗಳ ಪಟ್ಟಿಯನ್ನು ತೆರೆದು ನೋಡಿದರೆ ಉತ್ತರ ಸಿಕ್ಕುತ್ತದೆ. ಮನೆ, ಸ್ನಾನ, ಪಾದುಕೆ, ತಾಂಬೂಲ, ವಿಲೇಪನ, ವಸ್ತ್ರ, ಮಾಲೆ, ಭೂಷಣ, ಆಸನ, ಚಾಮರ, ಆಸ್ಥಾನ, ಪುತ್ರ, ಅನ್ನ, ಪಾನೀಯ, ಪಾದಾಭ್ಯಂಗ, ಯಾನ, ಛತ್ರ, ಶಯ್ಯೆ, ಧೂಪ. ಇಪ್ಪತ್ತನೆಯದು ಯೋಷಿತ್, ಎಂದರೆ ಸ್ತ್ರೀ. ಧೂಪದ ಅಧ್ಯಾಯ ಮುಗಿದ ಮೇಲೆ ಸ್ತ್ರೀಯ ಅಧ್ಯಾಯ ಮೊದಲಾಗುತ್ತದೆ. ಗಂಧವನ್ನು ಅನುಭವಿಸುವವಳಾಗಿ ಅವಳು ಇಲ್ಲಿ ಬಂದಿಲ್ಲ, ಗಂಧದಂತೆಯೇ ಅನುಭವಿಸಲ್ಪಡುವ ವಸ್ತುವಾಗಿ ಬಂದಿದ್ದಾಳೆ. ಭೋಕ್ತೃ ಒಬ್ಬನೇ, ಅವನು ರಾಜ.

ಇದನ್ನು ಹೇಳುವುದು ಸೋಮೇಶ್ವರನನ್ನು ಇಂದಿನ ನ್ಯಾಯಪೀಠದ ಮುಂದೆ ನಿಲ್ಲಿಸುವುದಕ್ಕಲ್ಲ. ಹನ್ನೆರಡನೆಯ ಶತಮಾನದ ಅರಸನಿಂದ ಇಪ್ಪತ್ತೊಂದನೆಯ ಶತಮಾನದ ಮಾತನ್ನು ನಿರೀಕ್ಷಿಸುವುದೂ ಕಾಲವ್ಯತ್ಯಾಸವೇ. ಅವನ ಗ್ರಂಥ ಗಂಧಶಾಸ್ತ್ರದ ಇತಿಹಾಸಕ್ಕೆ ಅಮೂಲ್ಯವಾದ ಆಕರವೆಂಬುದರಲ್ಲಿ ಸಂದೇಹವಿಲ್ಲ. ಸ್ನಾನಭೋಗದಲ್ಲಿ ಹೂಗಳಿಂದ ವಾಸಿತವಾದ ಎಳ್ಳೆಣ್ಣೆಯ ವಿಷಯವಿದೆ. ವಿಲೇಪನಭೋಗದಲ್ಲಿ ಲೇಪನಗಳು ಋತುವಿಗೆ ತಕ್ಕಂತೆ ಮಾರ್ಪಡುತ್ತವೆ; ಬೇಸಗೆಗೆ ತಂಪು, ಚಳಿಗೆ ಬೆಚ್ಚನೆಯದು ಎಂಬ ವಿವೇಕ ಅದರಲ್ಲಿದೆ. ಧೂಪಭೋಗದಲ್ಲಿ ಧೂಪವು ಪುಡಿಯಾಗಿಯೂ ಉಂಡೆಯಾಗಿಯೂ ಬತ್ತಿಯಾಗಿಯೂ ಬರುತ್ತದೆ. ಕಲ್ಯಾಣದ ಅರಮನೆಯಲ್ಲಿ ಯಾವ ದ್ರವ್ಯಗಳು ಬಂದು ಸೇರುತ್ತಿದ್ದುವು, ಎಂಥ ಕೈಕೆಲಸದವರು ಅಲ್ಲಿದ್ದಿರಬೇಕು ಎಂಬುದನ್ನು ಊಹಿಸಲು ಇದಕ್ಕಿಂತ ಉತ್ತಮವಾದ ಸಾಧನ ನಮಗಿಲ್ಲ. ನಮ್ಮ ಆಕ್ಷೇಪಣೆ ಗ್ರಂಥಕರ್ತನ ಮೇಲಲ್ಲ, ಅವನು ಹೇಳದ ಮಾತನ್ನು ಅವನ ಬಾಯಿಗೆ ತುರುಕುವವರ ಮೇಲೆ.

ಈ ಸ್ಥಾನನಿರ್ದೇಶ ಸೋಮೇಶ್ವರನ ಸ್ವಂತದ್ದೂ ಅಲ್ಲ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಗಂಧಯುಕ್ತಿಯ ಅಧ್ಯಾಯ ಅಂತಃಪುರವನ್ನು ಕುರಿತ ಅಧ್ಯಾಯಗಳ ಗುಂಪಿನಲ್ಲಿದೆ. ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆಯ್ದು, ಅವುಗಳ ಭಾಗಗಳನ್ನು ಅದಲುಬದಲು ಮಾಡಿದರೆ ೧,೭೪,೭೨೦ ಗಂಧಗಳಾಗುತ್ತವೆಂದು ಅವನು ಲೆಕ್ಕ ಹಾಕಿದ್ದಾನೆ. ಹದಿನಾರರಲ್ಲಿ ನಾಲ್ಕನ್ನು ಆಯುವ ಕ್ರಮಗಳು ೧,೮೨೦. ಒಂದೊಂದಕ್ಕೂ ೯೬ ಭೇದ. ಗಣಿತದ ಅಧ್ಯಾಪಕರು ಇದನ್ನು ತರಗತಿಯಲ್ಲಿ ಬಳಸಿಕೊಳ್ಳಬಹುದು. ಆದರೆ ಇಷ್ಟು ಸೂಕ್ಷ್ಮವಾಗಿ ಎಣಿಸಿದ ಬುದ್ಧಿ, ಆ ಗಂಧವನ್ನು ಪೂಸಿಕೊಂಡವಳ ಮನಸ್ಸಿಗೆ ಏನಾಯಿತೆಂಬುದನ್ನು ಆ ಅಧ್ಯಾಯದಲ್ಲಿ ಕೇಳಲಿಲ್ಲ.

ಶಾಸನಗಳಿಂದ ಈ ವಿಷಯಕ್ಕೆ ಹೆಚ್ಚಿನ ಸಹಾಯವಿಲ್ಲ. ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಗಂಧ, ಧೂಪ, ದೀಪ, ನೈವೇದ್ಯ ಎಂಬ ಸರಣಿಯೂ ಅಂಗಭೋಗ, ರಂಗಭೋಗ ಎಂಬ ಜೋಡಿಯೂ ಪದೇ ಪದೇ ಬರುತ್ತವೆ. ಅಲ್ಲಿಯ ಗಂಧ ದೇವರ ಮೈಗೆ. ನಾಗಾವಿಯ ೧೦೫೮ರ ಶಾಸನದಲ್ಲಿ ವೇದ ಕಲಿಯುವ ಇನ್ನೂರು ಮಂದಿ, ಶಾಸ್ತ್ರ ಕಲಿಯುವ ಐವತ್ತಕ್ಕೆ ಮಿಕ್ಕ ಮಂದಿ, ಅವರ ಅಧ್ಯಾಪಕರು, ಪುಸ್ತಕಭಂಡಾರವನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀಭಂಡಾರಿಗರು ಎಲ್ಲರ ವಿಷಯವೂ ಇದೆ. ಗ್ರಂಥಪಾಲಕರನ್ನು ಎಣಿಸಿಟ್ಟ ಈ ನಾಡು ಸೂಲಗಿತ್ತಿಯರನ್ನು ಎಣಿಸಿಡಲಿಲ್ಲ. ರಾಷ್ಟ್ರಕೂಟರ ಕಾಲದ ವೈದ್ಯಕ್ಕೆ ಬಂದರೆ ಉಗ್ರಾದಿತ್ಯನ ‘ಕಲ್ಯಾಣಕಾರಕ’ವಿದೆ. ನೃಪತುಂಗನ ಸಭೆಯಲ್ಲಿ ಮಾಂಸಾಹಾರವನ್ನು ಖಂಡಿಸಿ ಅವನು ಉಪನ್ಯಾಸ ಮಾಡಿದನೆಂದು ಅದರ ಕೊನೆಯ ಭಾಗ ಹೇಳುತ್ತದೆ. ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ಚಿಕಿತ್ಸೆ ನಡೆಸಬೇಕೆಂಬ ಜೈನವೈದ್ಯದ ಹಟ ಅದರ ವೈಶಿಷ್ಟ್ಯ. ಮಾನ್ಯಖೇಟದ ಹೆಸರನ್ನು ಗಂಧಚಿಕಿತ್ಸೆಗೆ ಗಂಟುಹಾಕುವವರು ಈ ಗ್ರಂಥವನ್ನಾದರೂ ಹೆಸರಿಸಬಹುದಾಗಿತ್ತು. ಹೆಸರಿಸಿದವರನ್ನು ನಾವು ಕಂಡಿಲ್ಲ.

ಹಾಗಾದರೆ ನಮ್ಮ ಪ್ರಾಚೀನರಿಗೆ ಗಂಧಕ್ಕೂ ಸ್ತ್ರೀಯ ಮನಸ್ಸಿಗೂ ಸಂಬಂಧವೇ ಕಾಣಲಿಲ್ಲವೆ? ಕಂಡಿತ್ತು. ಆದರೆ ಅದು ಕಂಡದ್ದು ಅರಮನೆಯ ಭೋಗಶಾಲೆಯಲ್ಲಲ್ಲ, ಹೆರಿಗೆಯ ಕೋಣೆಯಲ್ಲಿ. ಚರಕಸಂಹಿತೆಯ ಶಾರೀರಸ್ಥಾನದ ೮ನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಬೇಕು. ಸೂತಿಕಾಗೃಹವನ್ನು ಹೇಗೆ ಕಟ್ಟಬೇಕು, ಅಲ್ಲಿ ಏನೇನು ಸಂಗ್ರಹಿಸಿಡಬೇಕು ಎಂಬುದನ್ನು ಹೇಳಿದ ಮೇಲೆ ಗ್ರಂಥ ಅಲ್ಲಿರಬೇಕಾದ ಹೆಂಗಸರ ಲಕ್ಷಣವನ್ನು ಹೇಳುತ್ತದೆ. ಅವರು ಹಲವು ಸಲ ಹೆತ್ತವರಾಗಿರಬೇಕು, ಸ್ನೇಹವುಳ್ಳವರಾಗಿರಬೇಕು, ಸದಾ ಅನುರಕ್ತರಾಗಿರಬೇಕು, ಸಮಯಕ್ಕೆ ತಕ್ಕ ಕೆಲಸ ತೋಚುವವರಾಗಿರಬೇಕು, ಸ್ವಭಾವದಿಂದಲೇ ವತ್ಸಲೆಯರಾಗಿರಬೇಕು, ವಿಷಾದವನ್ನು ಬಿಟ್ಟವರಾಗಿರಬೇಕು, ಕ್ಲೇಶವನ್ನು ಸಹಿಸುವವರಾಗಿರಬೇಕು; ಹೆರುವವಳಿಗೆ ಅವರು ಬೇಕಾದವರೂ ಆಗಿರಬೇಕು. ನೋವು ಮೊದಲಾದಾಗ ಇವರು ಅವಳನ್ನು ಸುತ್ತುವರಿದು ಕುಳಿತು, ಸಮಾಧಾನದ ಮಾತುಗಳಿಂದ ಧೈರ್ಯ ಹೇಳಬೇಕು. ಆಮೇಲೆ ಬರುತ್ತದೆ ಮೂಸುವ ವಿಧಿ. ಕೋಷ್ಠ, ಏಲಕ್ಕಿ, ಬಜೆ, ಚಿತ್ರಮೂಲ ಮೊದಲಾದುವುಗಳ ಪುಡಿಯನ್ನು ಅವಳು ಮತ್ತೆ ಮತ್ತೆ ಮೂಸಬೇಕು. ಭೂರ್ಜಪತ್ರದ ಹೊಗೆಯನ್ನೋ ಶಿಂಶಪಾ ಮರದ ತಿರುಳಿನ ಹೊಗೆಯನ್ನೋ ಎಳೆದುಕೊಳ್ಳಬೇಕು. ನಡುನಡುವೆ ಸೊಂಟ, ಪಕ್ಕೆ, ಬೆನ್ನು, ತೊಡೆಗಳಿಗೆ ಬೆಚ್ಚಗಿನ ಎಣ್ಣೆ ಹಚ್ಚಿ ಮೆಲ್ಲನೆ ನೀವಬೇಕು. ಹೆರಿಗೆಯಾದ ಮೇಲೆ ಬಜೆ, ಇಂಗು, ಸಾಸುವೆ, ಬೆಳ್ಳುಳ್ಳಿ ಮೊದಲಾದುವನ್ನು ಗಂಟುಕಟ್ಟಿ ಬಾಗಿಲ ಮೇಲುಗಡೆ ತೂಗುಹಾಕಬೇಕು.

ಗಂಧವೂ ಎಣ್ಣೆಯೂ ಸಾಂತ್ವನವೂ ಒಂದೇ ಕೋಣೆಯಲ್ಲಿ ಕೂಡಿ ಬಂದ ಇಂಥ ಪಾಠ ನಮಗೆ ತಿಳಿದಂತೆ ಅಪರೂಪ. ಆದ್ದರಿಂದಲೇ ಇದನ್ನು ಅವಸರದಿಂದ ಓದಬಾರದು. ಇಲ್ಲಿ ಮೂರು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಈ ವಾಸನೆಗಳು ಇಂಪಾದುವಲ್ಲ. ಬಜೆಗೆ ಸಂಸ್ಕೃತದಲ್ಲಿ ‘ಉಗ್ರಗಂಧಾ’ ಎಂಬ ಹೆಸರೇ ಇದೆ. ಬೆಳ್ಳುಳ್ಳಿ, ಇಂಗುಗಳ ವಿಷಯ ಹೇಳಬೇಕಾದುದೇ ಇಲ್ಲ. ಮಲ್ಲಿಗೆ, ಚಂದನಗಳನ್ನು ಬಲ್ಲ ಜನ ಹೆರಿಗೆಯ ಕೋಣೆಗೆ ಅವನ್ನು ಆರಿಸಲಿಲ್ಲವೆಂಬುದು ವಿಚಾರಾರ್ಹವಾದ ಸಂಗತಿ. ಮೂಸುವುದರ ಉದ್ದೇಶ ಗರ್ಭವನ್ನು ಕೆಳಕ್ಕೆ ತರುವುದು, ಗಂಟು ಕಟ್ಟುವುದರ ಉದ್ದೇಶ ಗ್ರಹಬಾಧೆಯಿಂದ ರಕ್ಷಣೆ, ಮನಸ್ಸನ್ನು ಮುದಗೊಳಿಸುವುದಲ್ಲ. ಎರಡನೆಯದಾಗಿ, ಮನಸ್ಸಿಗೆ ಬೇಕಾದ ಕೆಲಸವನ್ನು ಗ್ರಂಥ ಮನುಷ್ಯರಿಗೆ ವಹಿಸಿದೆ, ದ್ರವ್ಯಕ್ಕೆ ವಹಿಸಿಲ್ಲ. ವಿಷಾದವನ್ನು ಬಿಟ್ಟ ಹೆಂಗಸರು ಬೇಕೆಂಬ ಮಾತನ್ನು ಬರೆದವನು ವಿಷಾದ ಒಬ್ಬರಿಂದೊಬ್ಬರಿಗೆ ಹರಡುವುದನ್ನು ಕಣ್ಣಾರೆ ಕಂಡಿರಬೇಕು. ಮೂರನೆಯದು, ‘ಅವಳಿಗೆ ಬೇಕಾದವರು’ ಎಂಬ ನಿಯಮ. ಹೆರುವವಳ ಇಷ್ಟಾನಿಷ್ಟವನ್ನು ಇಲ್ಲಿ ಕೇಳಲಾಗಿದೆ. ಇಪ್ಪತ್ತು ಭೋಗಗಳ ಪಟ್ಟಿಯಲ್ಲಿ ನಮಗೆ ಸಿಗದ ಸ್ತ್ರೀ, ತನ್ನದೇ ಆದ ಮನಸ್ಸುಳ್ಳವಳು, ಈ ಒಂದು ವಿಶೇಷಣದಲ್ಲಿ ಸಿಗುತ್ತಾಳೆ.

ಮಕ್ಕಳ ವೈದ್ಯಕ್ಕೆ ಪ್ರಸಿದ್ಧವಾದ ಕಾಶ್ಯಪಸಂಹಿತೆ ನೇಪಾಳದ ಹಸ್ತಪ್ರತಿಯಿಂದ ೧೯೩೮ರಲ್ಲಿ ಮುದ್ರಿತವಾಯಿತು. ಅದರಲ್ಲಿ ಧೂಪಗಳಿಗೇ ಒಂದು ಕಲ್ಪಾಧ್ಯಾಯವಿದೆ. ಅಲ್ಲಿಯೂ ಪ್ರಧಾನವಾದದ್ದು ಶಿಶುವಿನ ರಕ್ಷಣೆಯೇ.

ನಮ್ಮ ಸೀಮೆಯ ಬಾಣಂತಿಯ ಕೋಣೆ ಈ ಪರಂಪರೆಗೆ ಸೇರಿದುದೆಂದು ಹೇಳಲು ಅಡ್ಡಿಯಿಲ್ಲ. ಆದರೆ ಅದು ನೇರವಾಗಿ ಚರಕನಿಂದ ಇಳಿದು ಬಂದಿತೆಂದು ಸಾಧಿಸುವ ಆಧಾರ ಯಾರಲ್ಲಿಯೂ ಇಲ್ಲ. ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಹೊರಸಿನ ಕೆಳಗೆ ಕುಳ್ಳಿನ ಕೆಂಡವಿಟ್ಟು, ಅದರ ಮೇಲೆ ಅಜವಾನ, ಬೆಳ್ಳುಳ್ಳಿಯ ಸಿಪ್ಪೆ, ಲೋಬಾನಗಳನ್ನು ಉದುರಿಸಿ ಕಾವು ಕೊಡುವ ಕ್ರಮವನ್ನು ಇಲ್ಲಿಯ ಓದುಗರಿಗೆ ನಾವು ವರ್ಣಿಸಬೇಕಾಗಿಲ್ಲ. ಈ ಪಟ್ಟಿಯಲ್ಲಿಯೇ ಎರಡು ಲೋಕಗಳು ಕೂಡಿವೆ. ಲೋಬಾನವೆಂಬುದು ಅರಬ್ಬಿಯ ಮಾತು. ಊದಿನಕಡ್ಡಿಯ ‘ಊದು’ ಕೂಡ ಅಗರುವಿಗೆ ಅರಬ್ಬಿಯಲ್ಲಿರುವ ಹೆಸರೇ. ಬಹಮನಿ ರಾಜ್ಯ ೧೩೪೭ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಮೇಲೆ ಈ ಸೀಮೆಯ ಗಂಧದ ಶಬ್ದಕೋಶ ಮಾರ್ಪಟ್ಟಿತು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ‘ಇತ್ರ್-ಇ-ನೌರಸಶಾಹಿ’ ಎಂಬ ಗಂಧಗ್ರಂಥವೇ ಪಾರಸಿಯಲ್ಲಿ ರಚಿತವಾಯಿತು. ಅದೂ ಅರಮನೆಯ ಗ್ರಂಥವೇ. ಮಾನ್ಯಖೇಟ–ಕಲ್ಯಾಣಗಳ ಹೆಸರನ್ನು ಮಾತ್ರ ಹೇಳಿ ಈ ಆರುನೂರು ವರ್ಷಗಳನ್ನು ಹಾರಿಬರುವ ಬರಹಗಳು ಬಾಣಂತಿಯ ಕೆಂಡದ ಮೇಲೆ ದಿನವೂ ಬೀಳುವ ಲೋಬಾನವನ್ನೇ ಕಾಣದೆ ಹೋಗಿವೆ.

ಅದೇ ರೀತಿ ಮೈಸೂರಿನ ಗಂಧದೆಣ್ಣೆಯನ್ನು ಈ ಸೀಮೆಯ ಪರಂಪರೆಯೆಂದು ತೋರಿಸುವವರಿಗೂ ಒಂದು ಮಾತು ಹೇಳಬೇಕಾಗಿದೆ. ಮೊದಲ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಮರ ಸಾಗದೆ ಉಳಿದಾಗ ೧೯೧೬ರಲ್ಲಿ ಮೈಸೂರು ಸರ್ಕಾರ ಎಣ್ಣೆಯನ್ನು ತಾನೇ ಬಟ್ಟಿಯಿಳಿಸಲು ಕೈಹಾಕಿತು. ಸೇಡಂ, ಚಿತ್ತಾಪುರಗಳು ಆಗ ನಿಜಾಮರ ರಾಜ್ಯದಲ್ಲಿದ್ದುವು. ಮೈಸೂರಿನೊಡನೆ ಅವು ಒಂದಾದದ್ದು ೧೯೫೬ರ ನವೆಂಬರ ೧ರಂದು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾಕಿದ ಮೇಲಂತೂ ಇಲ್ಲಿಯ ಪೇಟೆಗೆ ಹೈದರಾಬಾದೇ ಹತ್ತಿರ. ಹಬ್ಬದ ಅತ್ತರಿಗೆ ಜನ ಮುಖ ಮಾಡಿದ್ದು ಪೂರ್ವಕ್ಕೆ, ದಕ್ಷಿಣಕ್ಕಲ್ಲ.

ಇಂದಿನ ಗಂಧಚಿಕಿತ್ಸೆಯ ವಂಶವೃಕ್ಷ ಬೇರೆ. ‘ಅರೋಮಾಥೆರಪಿ’ ಎಂಬ ಹೆಸರು ಫ್ರೆಂಚ್ ರಸಾಯನಜ್ಞ ಗಾಟ್‌ಫೊಸೆ ೧೯೩೭ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಚಾರಕ್ಕೆ ಬಂದಿತು. ವಾಸನೆಯ ನರಮಾರ್ಗ ಮಿದುಳಿನ ಭಾವಕೇಂದ್ರಗಳಿಗೆ ಇತರ ಇಂದ್ರಿಯಗಳ ಮಾರ್ಗಕ್ಕಿಂತ ನೇರವಾಗಿ ಸೇರುತ್ತದೆಂಬುದು ಶರೀರಶಾಸ್ತ್ರ ಒಪ್ಪಿದ ಸಂಗತಿ. ಒಂದು ವಾಸನೆ ಎಷ್ಟೋ ವರ್ಷದ ಹಿಂದಿನ ತವರುಮನೆಯನ್ನು ಕ್ಷಣದಲ್ಲಿ ಎದುರು ನಿಲ್ಲಿಸುವುದು ಎಲ್ಲರ ಅನುಭವ. ಇಷ್ಟರಿಂದ ರೋಗ ವಾಸಿಯಾಗುತ್ತದೆಂದು ಸಿದ್ಧವಾಗುವುದಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ೧೯೯೦ರಿಂದ ೧೯೯೮ರವರೆಗೆ ೮,೦೫೮ ತಾಯಂದಿರಿಗೆ ಹೆರಿಗೆಯ ವೇಳೆಯಲ್ಲಿ ಸಾರತೈಲಗಳನ್ನು ಕೊಟ್ಟು ನೋಡಿದ ವರದಿ ೨೦೦೦ದಲ್ಲಿ ಬಂದಿತು. ಹಲವರು ಅದು ಹಿತವಾಯಿತೆಂದರು. ಭಯ ಕಡಮೆಯಾಯಿತೆಂದವರೂ ಇದ್ದರು. ಆದರೆ ಚೀಟಿ ಎತ್ತಿದಂತೆ ಹಂಚಿ, ತೈಲ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿದ ಪರೀಕ್ಷೆ ಅದಾಗಿರಲಿಲ್ಲ. ಅಂಥ ಪರೀಕ್ಷೆಗಳನ್ನು ಮಾತ್ರ ಆಯ್ದು ೨೦೧೧ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ನೋಡಿದಾಗ ಹೆರಿಗೆನೋವಿನ ವಿಷಯದಲ್ಲಿ ಸಿಕ್ಕವು ಎರಡೇ. ಅವುಗಳಲ್ಲಿದ್ದ ಸ್ತ್ರೀಯರು ೫೩೫. ಉಪಯೋಗವುಂಟೆಂದು ಹೇಳಲು ಅಷ್ಟು ಸಾಲದೆಂಬುದು ಅವರ ತೀರ್ಮಾನ. ಲ್ಯಾವೆಂಡರ್ ಎಣ್ಣೆಯ ಗುಳಿಗೆಯಿಂದ ಆತಂಕರೋಗ ತಗ್ಗಿತೆಂದು ಜರ್ಮನಿಯ ಕೆಲವು ಪರೀಕ್ಷೆಗಳು ತೋರಿಸಿವೆ. ೨೦೧೪ರಲ್ಲಿ ಪ್ರಕಟವಾದ ಒಂದರಲ್ಲಿ ೫೩೯ ಮಂದಿ ರೋಗಿಗಳಿದ್ದರು. ಆದರೆ ಅದು ನುಂಗುವ ಗುಳಿಗೆ. ಗೊತ್ತಾದ ಅಳತೆಯ ಔಷಧಿ. ಕೋಣೆಯಲ್ಲಿ ದೀಪದ ಮೇಲಿಟ್ಟ ಎಣ್ಣೆಗೆ ಅದರ ಸಾಕ್ಷ್ಯವನ್ನು ಎಳೆದು ತರಲಾಗದು. ಇನ್ನೊಂದು ತೊಡಕೂ ಇದೆ. ಔಷಧಿಯ ಪರೀಕ್ಷೆಯಲ್ಲಿ ನಿಜವಾದ ಗುಳಿಗೆ ಯಾವುದು, ಸಕ್ಕರೆಯ ಗುಳಿಗೆ ಯಾವುದು ಎಂಬುದನ್ನು ರೋಗಿಯಿಂದ ಮರೆಸಬಹುದು. ವಾಸನೆಯನ್ನು ಮೂಗಿನಿಂದ ಮರೆಸುವುದು ಹೇಗೆ?

ತೈಲ ಹಚ್ಚುವ ಕೈಯ ವಿಷಯವೂ ಹೀಗೆಯೇ. ಒಬ್ಬಳು ಇನ್ನೊಬ್ಬಳ ಬೆನ್ನನ್ನು ಅರ್ಧ ಗಂಟೆ ನೀವಿ, ಅವಳ ಮಾತನ್ನು ಕೇಳಿಸಿಕೊಂಡರೆ ಹಿತವಾಗುವುದರಲ್ಲಿ ಆಶ್ಚರ್ಯವಿಲ್ಲ. ಆ ಹಿತದಲ್ಲಿ ಎಣ್ಣೆಯ ಪಾಲೆಷ್ಟು, ಕೈಯ ಪಾಲೆಷ್ಟು, ಕಿವಿಯ ಪಾಲೆಷ್ಟು? ಚರಕನ ಪಾಠ ಈ ಮೂರನ್ನೂ ಬೇರೆ ಬೇರೆಯಾಗಿ ಹೆಸರಿಸಿದೆ. ಸೀಸೆಯಲ್ಲಿ ಮಾರಲಾಗುವುದು ಒಂದನ್ನು ಮಾತ್ರ.

ಇದು ಪಂಡಿತರ ಚರ್ಚೆಯಾಗಿ ಉಳಿಯುವಂಥ ವಿಷಯವಲ್ಲವಾದ್ದರಿಂದಲೇ ನಾವು ಇಷ್ಟು ದೀರ್ಘವಾಗಿ ಬ���ೆಯುತ್ತಿದ್ದೇವೆ. ಭಾರತದ ೩೮ ಅಧ್ಯಯನಗಳನ್ನು, ಒಟ್ಟು ೨೦,೦೪೩ ಸ್ತ್ರೀಯರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದ ೨೦೧೭ರ ಒಂದು ಪರಿಶೀಲನೆಯಲ್ಲಿ ಹೆತ್ತ ತಾಯಂದಿರಲ್ಲಿ ನೂರಕ್ಕೆ ೨೨ರಷ್ಟು ಮಂದಿ ಖಿನ್ನತೆಗೆ ಒಳಗಾಗಿದ್ದರೆಂದು ಕಂಡುಬಂದಿದೆ. ತೊಗರಿಯ ಹೊಲದಲ್ಲಿ ಕಳೆ ತೆಗೆಯುವ, ಶಹಾಬಾದ, ವಾಡಿಗಳ ಫರ್ಸಿಕಲ್ಲಿನ ಧೂಳಿನಲ್ಲಿ ದುಡಿಯುವ, ಗಂಡ ಹೈದರಾಬಾದಿಗೋ ಮುಂಬಯಿಗೋ ದುಡಿಯಹೋದ ಮೇಲೆ ಮನೆಯನ್ನು ಒಬ್ಬಳೇ ಹೊರುವ ಹೆಂಗಸು ಹೆರಿಗೆಯಾದ ಮೇಲೆ ಮಾತು ಬಿಟ್ಟು ಕುಳಿತರೆ, ‘ನಮ್ಮ ಪೂರ್ವಿಕರ ಗಂಧವಿದೆ’ ಎಂದು ಒಂದು ಸೀಸೆಯನ್ನು ಕೈಗಿತ್ತು ಮನೆಯವರು ನಿಶ್ಚಿಂತರಾಗುವ ಸಂಭವವುಂಟು. ಇತಿಹಾಸದ ಹೆಸರಿನಲ್ಲಿ ಕೊಟ್ಟ ಆ ನಿಶ್ಚಿಂತೆಗೆ ಇತಿಹಾಸದ ಅಧ್ಯಾಪಕರೂ ಹೊಣೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಹೊಗೆಗಳು ತಾಯಿ ಶಿಶುಗಳಿಬ್ಬರ ಉಸಿರಿಗೂ ಕೇಡೆಂಬುದನ್ನೂ ಪರಂಪರೆಯ ಮೇಲಿನ ಗೌರವದಿಂದ ಮರೆಮಾಡಬಾರದು.

ಕಲ್ಯಾಣ ಕರ್ನಾಟಕಕ್ಕೆ ಮನಃಸ್ವಾಸ್ಥ್ಯದ ವಿಷಯದಲ್ಲಿ ಹೇಳಿಕೊಳ್ಳುವಂಥ ಇತಿಹಾಸ ಇಲ್ಲದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೧೯೮೫ರಿಂದ ೧೯೯೦ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯನ್ನು ಹಳ್ಳಿಯ ಹತ್ತಿರದಲ್ಲಿಯೇ ಗುರುತಿಸಿ ಚಿಕಿತ್ಸೆ ಕೊಡಬಹುದೆಂಬುದನ್ನು ಅದು ತೋರಿಸಿತು. ೧೯೯೬ರಲ್ಲಿ ಭಾರತ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಸೋಮೇಶ್ವರನ ಹೆಸರು ಹತ್ತು ಸಲ ಬಂದರೆ ಬಳ್ಳಾರಿಯ ಹೆಸರು ಒಮ್ಮೆಯೂ ಬರುವುದಿಲ್ಲ. ಹತ್ತಿರದ ಇತಿಹಾಸ ಇತಿಹಾಸವಲ್ಲವೆಂಬ ಭ್ರಾಂತಿ ನಮ್ಮ ವಿಭಾಗಗಳಲ್ಲಿ ಇನ್ನೂ ಅಳಿದಿಲ್ಲ.

ಇನ್ನು ಸಂಶೋಧನೆಗೆ ಉಳಿದಿರುವ ದಾರಿಯ ವಿಷಯ. ಸ್ತ್ರೀಯರ ಮನಸ್ಸನ್ನು ಕುರಿತ ಆಕರಗಳನ್ನು ಅರಮನೆಯ ಗ್ರಂಥಗಳಲ್ಲಿ ಹುಡುಕುವುದಕ್ಕಿಂತ ಬೀಸುವ ಕಲ್ಲಿನ ಬಳಿ ಹುಡುಕುವುದು ಲೇಸು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ೧೯೩೧ರಲ್ಲಿ ಪ್ರಕಟವಾದಾಗ ಆ ಮಾರ್ಗ ತೆರೆಯಿತು. ದಖ್ಖನಿಯಲ್ಲಿ ಬೀಸುವಾಗ ಹಾಡುತ್ತಿದ್ದ ‘ಚಕ್ಕಿನಾಮೆ’ಗಳ ಮಹತ್ತ್ವವನ್ನು ರಿಚರ್ಡ್ ಈಟನ್ ೧೯೭೦ರ ದಶಕದಲ್ಲಿ ವಿದ್ವಾಂಸರಿಗೆ ತೋರಿಸಿಕೊಟ್ಟರು. ಆದರೆ ಬಾಣಂತಿಯ ಕೋಣೆಯ ವೃತ್ತಾಂತವನ್ನು ಈ ಐದು ಊರುಗಳಲ್ಲಿ ಕ್ರಮವಾಗಿ ಬರೆದಿಟ್ಟ ಗ್ರಂಥವನ್ನು ನಾವು ಕಂಡಿಲ್ಲ. ಹೊಗೆಗೆ ಹಾಕಿದ್ದು ಏನೆಂಬುದನ್ನು ಮಾತ್ರ ಬರೆದುಕೊಂಡು ಬರುವ ಸಂಗ್ರಾಹಕರು ಅರ್ಧ ಕೆಲಸ ಮಾಡಿದಂತಾಯಿತು. ಕೆಂಡವನ್ನು ತಂದವರು ಯಾರು, ಎಣ್ಣೆ ಹಚ್ಚಿದವರು ಅತ್ತೆಯೋ ತಾಯಿಯೋ ಕೂಲಿಗೆ ಬಂದ ಮುದುಕಿಯೋ, ರಾತ್ರಿ ಅವಳ ಬಳಿ ಯಾರು ಮಲಗಿದರು, ಎಷ್ಟು ದಿನ ಮಲಗಿದರು, ಅವಳು ಅತ್ತಾಗ ಮನೆಯವರು ಅದಕ್ಕೆ ಏನು ಹೆಸರು ಕೊಟ್ಟರು, ಹೆಣ್ಣು ಹುಟ್ಟಿದಾಗಲೂ ಅಷ್ಟೇ ದಿನ ಎಣ್ಣೆ ನೀರು ನಡೆಯಿತೆ ಎಂಬ ಪ್ರಶ್ನೆಗಳನ್ನು ಕೇಳಬೇಕು. ಈ ಕೊನೆಯ ಪ್ರಶ್ನೆಗೆ ಉತ್ತರ ಗಂಡಸರಿಗೆ ದೊರೆಯಲಾರದು, ವಿದ್ಯಾರ್ಥಿನಿಯರೇ ಹೋಗಬೇಕು. ಚಿಂಚೋಳಿಯ ತಾಂಡಾಗಳಿಗೆ ಲಂಬಾಣಿ ಮಾತು ಬಲ್ಲವರು ಬೇಕು, ಶಹಾಬಾದಿನ ಮೊಹಲ್ಲಾಗಳಿಗೆ ದಖ್ಖನಿ ಬಲ್ಲವರು ಬೇಕು. ಸೇಡಂ, ಚಿತ್ತಾಪುರಗಳ ಹಳ್ಳಿಗಳಿಗೆ ಹೋಗುವವರು ತೊಗರಿಯ ಕೊಯ್ಲು ಮುಗಿದ ಮೇಲೆ ಹೋಗುವುದು ಒಳ್ಳೆಯದು, ಅದಕ್ಕೆ ಮುಂಚೆ ಮಾತಾಡಲು ಅಲ್ಲಿಯ ಹೆಂಗಸರಿಗೆ ಬಿಡುವಿರುವುದಿಲ್ಲ.